ಸಿವಿಲೈಸೇಷನ್ 6: ಮನೆಯಲ್ಲಿ ಕೂತವರನ್ನು ಹೊರಡಿಸುವ ಆಟ

ನಾನು ಬಾದಾಮಿಯಲ್ಲಿ ಗೈಡ್. ಇಪ್ಪತ್ತೆರಡು ವರ್ಷಗಳಿಂದ ಮೇಣಬಸದಿಗಳ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಮಾತಾಡಿ ಮಾತಾಡಿ ಗಂಟಲು ಒಣಗುವಷ್ಟು ಜನ. ಏಪ್ರಿಲ್ ಬಂತೆಂದರೆ ಕೆಂಪು ಬಂಡೆ ಕಾದ ಹಂಚಾಗುತ್ತದೆ. ಬೆಳಗಿನ ಹತ್ತರ ನಂತರ ಬೆಟ್ಟದ ಕಡೆ ಕೋತಿಗಳನ್ನು ಬಿಟ್ಟರೆ ಯಾರೂ ಸುಳಿಯುವುದಿಲ್ಲ. ಅಂಥ ಒಂದು ಬೇಸಿಗೆಯಲ್ಲಿ ಬಾಗಲಕೋಟೆಯ ನವನಗರದಲ್ಲಿರುವ ನನ್ನ ಅಕ್ಕನ ಮಗ ತನ್ನ ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟ. "ಮಾಮಾ, ಇಷ್ಟು ವರ್ಷ ರಾಜರ ಕಥೆ ಹೇಳಿದ್ದೀರಿ. ಒಮ್ಮೆ ನೀವೇ ರಾಜ್ಯ ಆಳಿ ನೋಡಿ" ಎಂದ. ಅದರಲ್ಲಿದ್ದದ್ದು ಸಿವಿಲೈಸೇಷನ್ 6.

ಮೂರು ಬೇಸಿಗೆಗಳಲ್ಲಿ ಹನ್ನೊಂದು ಆಟ ಮುಗಿಸಿದ್ದೇನೆ. ಅದರಲ್ಲಿ ಏಳನ್ನು ಗೆದ್ದದ್ದು ಸಂಸ್ಕೃತಿಯ ದಾರಿಯಲ್ಲಿ. ಈ ವಿಮರ್ಶೆ ಬರೆಯುತ್ತಿರುವುದು ಆ ದಾರಿಯ ಸಲುವಾಗಿಯೇ. ಯುದ್ಧ ಮಾಡಿ ಗೆಲ್ಲುವುದನ್ನು ಹೇಳಿಕೊಡುವವರು ಬಹಳ ಜನ ಇದ್ದಾರೆ. ಪ್ರವಾಸಿಗರನ್ನು ಕರೆತಂದು ಗೆಲ್ಲುವುದು ಹೇಗೆ ಎನ್ನುವುದು ನನ್ನ ಹೊಟ್ಟೆಪಾಡಿಗೆ ಹತ್ತಿರದ ವಿಷಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಫಿರಾಕ್ಸಿಸ್ ಸಂಸ್ಥೆ ತಯಾರಿಸಿದ ಈ ಆಟ ಬಂದದ್ದು 2016ರ ಅಕ್ಟೋಬರ್‌ನಲ್ಲಿ. ಸರಣಿಯ ಮೊದಲ ಆಟ 1991ರದು. ಚದುರಂಗದಂತೆ ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ಗಡಿಬಿಡಿ ಇಲ್ಲ, ಚಹಾ ಕುಡಿದು ಬಂದು ಮುಂದಿನ ನಡೆ ನಡೆಸಬಹುದು. ಕ್ರಿಸ್ತಪೂರ್ವ 4000ದಲ್ಲಿ ಒಂದು ಗುಂಪು ಜನರೊಂದಿಗೆ ಊರು ಕಟ್ಟಲು ಆರಂಭಿಸಿ, ಸಾವಿರಾರು ವರ್ಷ ದಾಟಿ ಉಪಗ್ರಹಗಳ ಕಾಲಕ್ಕೆ ಬರುತ್ತೀರಿ. ಗೆಲ್ಲಲು ಹಲವು ಬಾಗಿಲು: ಎಲ್ಲರ ರಾಜಧಾನಿ ವಶಪಡಿಸಿಕೊಳ್ಳಬಹುದು, ಬಾಹ್ಯಾಕಾಶ ಯೋಜನೆ ಮುಗಿಸಬಹುದು, ನಿಮ್ಮ ಧರ್ಮವನ್ನು ಹರಡಬಹುದು, ಇಲ್ಲವೇ ನಿಮ್ಮ ನಾಡನ್ನು ನೋಡಲು ಲೋಕವೇ ಹೊರಟು ಬರುವಂತೆ ಮಾಡಬಹುದು. ಕೊನೆಯದೇ ಸಂಸ್ಕೃತಿಯ ಗೆಲುವು. 2019ರ ಫೆಬ್ರುವರಿಯಲ್ಲಿ ಬಂದ ಗ್ಯಾದರಿಂಗ್ ಸ್ಟಾರ್ಮ್ ಎಂಬ ವಿಸ್ತರಣೆಯನ್ನೂ ಸೇರಿಸಿ ಆಡಿದ ಅನುಭವ ನನ್ನದು. ಮುಂದೆ ಹೇಳುವುದೆಲ್ಲ ಅದಕ್ಕೇ ಅನ್ವಯ. 2025ರಲ್ಲಿ ಬಂದ ಏಳನೆಯ ಆಟದಲ್ಲಿ ಈ ದಾರಿಯ ನಿಯಮಗಳೇ ಬೇರೆ.

ಮೊದಲ ಆಟದಲ್ಲಿ ನಾನು ಸಹಜವಾಗಿ ಭಾರತವನ್ನೇ ಆರಿಸಿಕೊಂಡೆ. ಸಂಸ್ಕೃತಿಯ ಗೆಲುವು ಎಂದರೆ ಸಂಸ್ಕೃತಿಯನ್ನು ಕೂಡಿಹಾಕುವುದು ಎಂದು ತಿಳಿದೆ. ಊರೂರಿಗೆ ಸ್ಮಾರಕ, ರಂಗಮಂದಿರ. ಪರದೆಯ ಮೇಲ್ಗಡೆ ನೇರಳೆ ಬಣ್ಣದ ಅಂಕಿ ಏರುತ್ತಲೇ ಇತ್ತು. ಇನ್ನೂರೈವತ್ತನೆಯ ಸರದಿಯಲ್ಲಿ ಗೆಲುವಿನ ಪಟ್ಟಿ ತೆರೆದು ನೋಡಿದರೆ, ನಾನು ಅರ್ಧ ದಾರಿಯನ್ನೂ ಸವೆಸಿರಲಿಲ್ಲ. ಮತ್ತೆ ಎಪ್ಪತ್ತು ಸರದಿಗಳಲ್ಲಿ ನೆರೆಯ ನಾಡೊಂದು ಬಾಹ್ಯಾಕಾಶ ಯೋಜನೆ ಮುಗಿಸಿ ಗೆದ್ದಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲಿ ತಪ್ಪಿದೆ ಎಂದು ಪಟ್ಟಿಯ ಒಂದೊಂದು ಸಾಲನ್ನೂ ಓದಿದೆ.

ತಪ್ಪಿದ್ದು ಲೆಕ್ಕದಲ್ಲೇ. ಆಟದಲ್ಲಿ ಪ್ರವಾಸಿಗರು ಎರಡು ಬಗೆ. ಒಂದು ನಾಡು ಆರಂಭದಿಂದ ಗಳಿಸಿದ ಪ್ರತಿ ನೂರು ಅಂಕ ಸಂಸ್ಕೃತಿಗೆ ಅದಕ್ಕೆ ಒಬ್ಬ ಸ್ವದೇಶಿ ಪ್ರವಾಸಿಗ ಹುಟ್ಟುತ್ತಾನೆ. ಇವನು ತನ್ನ ನಾಡಿನಲ್ಲಿ ತೃಪ್ತನಾಗಿ ಕೂತವನು. ಇನ್ನೊಂದು ಬಗೆ, ಬೇರೆ ನಾಡುಗಳಿಂದ ನಿಮ್ಮಲ್ಲಿಗೆ ಬಂದವರು. ಇವರನ್ನು ಎಳೆಯುವುದು ಸಂಸ್ಕೃತಿಯಲ್ಲ, ಆಟ ಟೂರಿಸಂ ಎಂದು ಕರೆಯುವ ಬೇರೆಯದೇ ಅಂಕಿ. ನಿಮ್ಮಲ್ಲಿಗೆ ಬಂದ ಹೊರಗಿನವರ ಒಟ್ಟು ಸಂಖ್ಯೆ, ಉಳಿದ ಯಾವ ನಾಡಿನ ಸ್ವದೇಶಿ ಪ್ರವಾಸಿಗರ ಸಂಖ್ಯೆಗಿಂತಲೂ ಹೆಚ್ಚಾದ ದಿನ ನೀವು ಗೆದ್ದಿರಿ. ಅಂದರೆ ನಾನು ಇನ್ನೂರೈವತ್ತು ಸರದಿಗಳ ಕಾಲ ಕೂಡಿಹಾಕಿದ ಸಂಸ್ಕೃತಿ ಬೇರೆಯವರು ನನ್ನ ಮೇಲೆ ಗೆಲ್ಲದಂತೆ ತಡೆಯುವ ಕೋಟೆಯಾಗಿತ್ತೇ ಹೊರತು, ಒಬ್ಬನನ್ನೂ ನನ್ನ ಬಾಗಿಲಿಗೆ ತಂದಿರಲಿಲ್ಲ.

ಇದು ನನಗೆ ಆಟದ ನಿಯಮವಾಗಿ ಕಾಣಲಿಲ್ಲ, ನನ್ನ ಕಸುಬಿನ ಒಳಗುಟ್ಟಾಗಿ ಕಂಡಿತು. ಚಾಲುಕ್ಯರು ಕಟ್ಟಿದ್ದು ನಮ್ಮಲ್ಲಿ ಸಾವಿರದ ನಾನೂರು ವರ್ಷಗಳಿಂದ ಇದೆ. ಮೂರನೆಯ ಗುಹೆಯ ಶಾಸನದಲ್ಲಿ 578ನೆಯ ಇಸವಿಗೆ ಸಮನಾದ ಶಕವರ್ಷವೇ ಕೆತ್ತಿದೆ. ಆದರೆ ಇರುವುದು ಬೇರೆ, ಜನ ಮನೆ ಬಿಟ್ಟು ಹೊರಟು ಬರುವುದು ಬೇರೆ. ರೈಲು ಬೇಕು, ತಂಗಲು ಕೋಣೆ ಬೇಕು, ಒಂದು ಸ್ಥಳದ ಪಕ್ಕದಲ್ಲೇ ಇನ್ನೊಂದು ಬೇಕು. ಬಾದಾಮಿ ಒಂದಕ್ಕೇ ಬರದವರು ಐಹೊಳೆ, ಪಟ್ಟದಕಲ್ಲು, ಮಹಾಕೂಟ ಸೇರಿಸಿ ಹೇಳಿದರೆ ಎರಡು ದಿನಕ್ಕೆ ಬರುತ್ತಾರೆ. ಊರಿಗೆ ಬಂದವಳು ನೀರಿಗೆ ಬರುತ್ತಾಳೆ ಎನ್ನುವುದು ನಿಜ. ಆದರೆ ಮೊದಲು ಊರಿಗೆ ಬರಬೇಕು.

ಎರಡನೆಯ ಆಟದಿಂದ ನಾನು ಗ್ರೀಸ್ ನಾಡನ್ನು, ಪೆರಿಕ್ಲೀಸ್ ನಾಯಕನನ್ನು ಆರಿಸಿಕೊಂಡೆ. ಹೊಸಬರಿಗೆ ನಾನು ಇವನನ್ನೇ ಹೇಳುತ್ತೇನೆ. ಗ್ರೀಸ್‌ಗೆ ಥಿಯೇಟರ್ ಸ್ಕ್ವೇರ್ ಎಂಬ ಡಿಸ್ಟ್ರಿಕ್ಟ್ (ಕಲೆಗೆಂದೇ ಮೀಸಲಾದ ಬಡಾವಣೆ) ಬದಲು ಅಕ್ರೊಪೊಲಿಸ್ ಸಿಗುತ್ತದೆ. ಅರ್ಧ ಖರ್ಚಿಗೆ ಏಳುತ್ತದೆ, ಆದರೆ ಗುಡ್ಡದ ಮೇಲೆ ಮಾತ್ರ. ಸಣ್ಣ ನಗರರಾಜ್ಯಗಳ ಸ್ನೇಹ ಗಳಿಸಿ ಅವುಗಳಿಗೆ ಅಧಿಪತಿಯಾದರೆ, ಒಂದೊಂದಕ್ಕೂ ಸಂಸ್ಕೃತಿ ಶೇಕಡಾ ಐದರಂತೆ ಹೆಚ್ಚುತ್ತದೆ. ಸರ್ಕಾರದ ನೀತಿಗಳಿಗೆ ಒಂದು ಸ್ಥಾನ ಹೆಚ್ಚಿಗೆ ಸಿಗುವುದು ಇನ್ನೊಂದು ಲಾಭ.

ನಾನು ಗೆದ್ದ ಮೊದಲ ಆಟದ ರಾಜಧಾನಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಆಟದ ಜೀವ ಇರುವುದು ಇಂಥದ್ದರಲ್ಲೇ. ನೆಲವೆಲ್ಲ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ನದಿದಂಡೆಯ ಒಂದು ಮನೆಯಲ್ಲಿ ಊರು ಕಟ್ಟಿದೆ. ಅದರ ಬೆನ್ನಿಗೆ ಎರಡು ಗುಡ್ಡ, ಒಂದಕ್ಕೊಂದು ತಾಗಿ. ಮೊದಲ ಗುಡ್ಡದ ಮೇಲೆ ಒರಾಕಲ್ ಎಂಬ ಅದ್ಭುತವನ್ನು, ಅಂದರೆ ಇಡೀ ಆಟದಲ್ಲಿ ಒಬ್ಬರೇ ಕಟ್ಟಬಹುದಾದ ಹೆಸರಾಂತ ಕಟ್ಟಡವನ್ನು, ಕಟ್ಟಿಸಿದೆ. ಅದೂ ಗುಡ್ಡದ ಮೇಲೆ ಮಾತ್ರ ಏಳುವಂಥದ್ದು. ಅದಿರುವ ಊರಿನ ಡಿಸ್ಟ್ರಿಕ್ಟ್‌ಗಳು ಕವಿ, ಕಲಾವಿದರಂಥ ಮಹಾವ್ಯಕ್ತಿಗಳನ್ನು ಬೇಗ ಸೆಳೆಯುತ್ತವೆ. ಎರಡನೆಯ ಗುಡ್ಡದ ಮೇಲೆ ಅಕ್ರೊಪೊಲಿಸ್. ಪಕ್ಕದಲ್ಲಿ ಅದ್ಭುತವೊಂದಿದ್ದರೆ ಅದಕ್ಕೆ ಎರಡಂಕ, ಪಕ್ಕದ ಪ್ರತಿ ಡಿಸ್ಟ್ರಿಕ್ಟ್‌ಗೂ ಒಂದಂಕ. ಕೆಳಗಿನ ಬಯಲಿನ ಮನೆಯನ್ನು ಖಾಲಿ ಬಿಟ್ಟೆ. ಅರವತ್ತು ಸರದಿ ಅಲ್ಲಿ ಏನನ್ನೂ ಕಟ್ಟಲಿಲ್ಲ. ಹೊಲ ಮಾಡಿದರೆ ಊಟ ಹೆಚ್ಚುತ್ತಿತ್ತು, ಜನ ಹೆಚ್ಚುತ್ತಿದ್ದರು, ಕೈ ತುರಿಸುತ್ತಿತ್ತು. ಆದರೂ ಬಿಟ್ಟೆ. ಆಮೇಲೆ ಇನ್ನೊಂದು ಅದ್ಭುತ ಅಲ್ಲಿ ಎದ್ದು ನಿಂತಾಗ ಗುಡ್ಡದ ಮೇಲಿನ ಅಕ್ರೊಪೊಲಿಸ್‌ನ ಅಂಕಿ ಒಮ್ಮೆಲೇ ಏರಿತು. ದಕ್ಷಿಣದ ಗುಡ್ಡದಲ್ಲಿ ಗುಹೆಗಳು, ಉತ್ತರದ ಗುಡ್ಡದ ಮೇಲೆ ಶಿವಾಲಯಗಳು, ನಡುವೆ ಅಗಸ್ತ್ಯತೀರ್ಥ, ಕೆರೆಯ ಮೂಡಣ ದಂಡೆಗೆ ಭೂತನಾಥ ಗುಡಿಗಳು. ದಿನವೂ ನೋಡುವ ನನ್ನ ಊರನ್ನು ಆರು ಮೂಲೆಯ ಮನೆಗಳ ಮೇಲೆ ಇಟ್ಟು ನೋಡಿದಂತಾಯಿತು. ನಮ್ಮವರು ಎಷ್ಟು ಕಟ್ಟಿದರು ಎನ್ನುವುದರಷ್ಟೇ ಮುಖ್ಯ, ಯಾವುದರ ಮಗ್ಗುಲಿಗೆ ಯಾವುದನ್ನು ಕಟ್ಟಿದರು ಎನ್ನುವುದು.

ಆದ್ದರಿಂದ ಮೊದಲ ಸಲಹೆ: ಮೊದಲ ಐವತ್ತು ಸರದಿಗಳಲ್ಲೇ ನಕ್ಷೆಯ ಮೇಲೆ ಗುರುತು ಚುಚ್ಚಿಡಿ. ಆಟದಲ್ಲೇ ಅದಕ್ಕೆ ಸೌಲಭ್ಯವಿದೆ. ಇಲ್ಲಿ ರಂಗಮಂದಿರ, ಇಲ್ಲಿ ಅದ್ಭುತ, ಇಲ್ಲಿ ಕೈ ಹಚ್ಚಕೂಡದು ಎಂದು. ಅದ್ಭುತಗಳು ಹಳೆಯದಾದಷ್ಟೂ, ಕಾಲಘಟ್ಟ ಕಳೆದಂತೆ ಟೂರಿಸಂ ಹೆಚ್ಚು ಕೊಡುತ್ತವೆ. ಹಾಗಾಗಿ ಬೇಗ ಕಟ್ಟಿದ ಎರಡು, ತಡವಾಗಿ ಕಟ್ಟಿದ ಐದಕ್ಕೆ ಸಮ ಎಂಬುದು ನನ್ನ ಅಂದಾಜು. ಎಲ್ಲವನ್ನೂ ಕಟ್ಟಲು ಹೋಗಬೇಡಿ. ಇನ್ನೊಬ್ಬರು ಮೊದಲು ಮುಗಿಸಿಬಿಟ್ಟರೆ ನಿಮ್ಮ ಇಪ್ಪತ್ತು ಸರದಿಗಳ ದುಡಿಮೆ ಮಣ್ಣುಪಾಲು.

ಇನ್ನು ಕೃತಿಗಳು. ಮಹಾಕವಿ ಬಂದರೆ ಎರಡು ಬರಹ, ಕಲಾವಿದ ಬಂದರೆ ಮೂರು ಕಲಾಕೃತಿ, ಸಂಗೀತಗಾರ ಬಂದರೆ ಎರಡು ರಚನೆ. ನಮ್ಮ ಭಾಸನೂ ಈ ಪಟ್ಟಿಯಲ್ಲಿದ್ದಾನೆ. ಮೊದಲ ಬಾರಿ ಅವನ ಹೆಸರು ಪರದೆಯ ಮೇಲೆ ಮೂಡಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಬರಹಗಳನ್ನು ಆಂಫಿಥಿಯೇಟರ್‌ನಲ್ಲಿ, ಚಿತ್ರಗಳನ್ನು ಮ್ಯೂಸಿಯಂನಲ್ಲಿ ಇಡಬೇಕು. ಮುದ್ರಣ ತಂತ್ರಜ್ಞಾನ ಕೈಗೆ ಬಂದೊಡನೆ ಬರಹಗಳ ಟೂರಿಸಂ ಇಮ್ಮಡಿಯಾಗುತ್ತದೆ. ವಿಜ್ಞಾನವನ್ನು ಕಡೆಗಣಿಸಿ ಬರೀ ಸಂಸ್ಕೃತಿಯ ಹಿಂದೆ ಬಿದ್ದವರಿಗೆ ಇಲ್ಲೇ ಪೆಟ್ಟು ಬೀಳುವುದು.

ಮ್ಯೂಸಿಯಂನಲ್ಲಿ ಮೂರು ಸ್ಥಾನ. ಅವುಗಳನ್ನು ಹೇಗೆಂದರೆ ಹಾಗೆ ತುಂಬಬಾರದು. ಕಲಾ ಮ್ಯೂಸಿಯಂ ಆದರೆ ಮೂರೂ ಒಂದೇ ಬಗೆಯವಾಗಿರಬೇಕು: ಮೂರೂ ನಿಸರ್ಗಚಿತ್ರ, ಅಥವಾ ಮೂರೂ ಭಾವಚಿತ್ರ, ಅಥವಾ ಮೂರೂ ಶಿಲ್ಪ. ಆದರೆ ಮೂವರು ಬೇರೆ ಬೇರೆ ಕಲಾವಿದರವಾಗಿರಬೇಕು. ಪುರಾತತ್ವ ಮ್ಯೂಸಿಯಂ ಆದರೆ ಮೂರು ವಸ್ತುಗಳೂ ಒಂದೇ ಕಾಲದವು, ಬೇರೆ ಬೇರೆ ನಾಡಿನವು. ಹೀಗೆ ಹೊಂದಿಸಿಟ್ಟರೆ ಅವುಗಳ ಬೆಲೆ ಇಮ್ಮಡಿ. ಒಂದು ಊರಿನಲ್ಲಿ ಎರಡರಲ್ಲಿ ಒಂದೇ ಮ್ಯೂಸಿಯಂ ಸಾಧ್ಯ. ನನ್ನ ಒಲವು ಪುರಾತತ್ವದ್ದೇ. ಬಾದಾಮಿಯಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂನಲ್ಲಿ ಲಜ್ಜಾಗೌರಿಯ ಶಿಲ್ಪದ ಮುಂದೆ ನಿಂತು ಸಾವಿರ ಸಲ ಮಾತಾಡಿದ್ದೇನೆ. ನೆಲದಿಂದ ಮೇಲೆದ್ದ ವಸ್ತುವಿನ ಮೇಲೆ ನನಗೆ ಬೇರೆಯೇ ಮಮತೆ.

ಆಟ ಇಲ್ಲೊಂದು ಚಂದದ ಕೆಲಸ ಮಾಡುತ್ತದೆ. ಅಗೆಯುವ ಜಾಗಗಳು ಎಲ್ಲಿಂದಲೋ ಉದುರುವುದಿಲ್ಲ. ನೀವು ಆಡಿದ ಆಟದಲ್ಲೇ ಹಿಂದೆ ಎಲ್ಲಿ ಕಾಳಗವಾಯಿತೋ, ಎಲ್ಲಿ ದಾಳಿಕೋರರ ಠಾಣೆ ಇತ್ತೋ ಅಲ್ಲಿಯೇ ಅವು ಕಾಣಿಸಿಕೊಳ್ಳುತ್ತವೆ. ನನ್ನ ಪುರಾತತ್ವಜ್ಞ ಉತ್ತರದ ಒಂದು ಕಣಿವೆಯಲ್ಲಿ ಗುದ್ದಲಿ ಹಾಕಿದಾಗ ನೆನಪಾಯಿತು: ಅದೇ ಜಾಗದಲ್ಲಿ, ಆಟದ ಮೂವತ್ತನೆಯ ಸರದಿಯ ಹೊತ್ತಿಗೆ, ನನ್ನ ಇಬ್ಬರು ಯೋಧರು ದಾಳಿಕೋರರ ಠಾಣೆಯೊಂದನ್ನು ಸುಟ್ಟಿದ್ದರು. ಆ ಯೋಧರಲ್ಲಿ ಒಬ್ಬ ಮುಂದಿನ ಸರದಿಯಲ್ಲೇ ಸತ್ತಿದ್ದ. ನಾನೇ ಮರೆತಿದ್ದೆ. ನೆಲ ಮರೆತಿರಲಿಲ್ಲ. ನನ್ನ ಮಟ್ಟಿಗೆ ಇಡೀ ಆಟದ ಅತ್ಯುತ್ತಮ ಗಳಿಗೆ ಇದೇ.

ಕೃತಿ ಸಾಲದಿದ್ದರೆ ಕೊಳ್ಳಬಹುದು. ಕಂಪ್ಯೂಟರ್ ನಡೆಸುವ ರಾಜರು ತಮ್ಮ ಕೃತಿಗಳನ್ನು ಅಚ್ಚರಿಯಾಗುವಷ್ಟು ಕಡಿಮೆ ಚಿನ್ನಕ್ಕೆ ಮಾರುತ್ತಾರೆ. ಪ್ರತಿ ಹತ್ತು ಸರದಿಗೊಮ್ಮೆ ಎಲ್ಲರ ಬಾಗಿಲು ತಟ್ಟಿ ಕೇಳುವುದು ಲಾಭ. ಆದರೂ ನನಗಿದು ಆಟದ ಒಂದು ಕೊರತೆಯಾಗಿಯೇ ಕಾಣುತ್ತದೆ. ತನ್ನ ನಾಡಿನ ಮಹಾಕವಿಯ ಬರಹವನ್ನು ಮೂರು ಮೂಟೆ ಸಂಬಾರಕ್ಕೆ ಕೊಟ್ಟುಬಿಡುವ ರಾಜನ ಎದುರು ಗೆದ್ದಾಗ ಗೆಲುವಿನ ರುಚಿ ಸ್ವಲ್ಪ ಇಳಿಯುತ್ತದೆ. ಈಗ ನಾನು ಒಂದು ಆಟದಲ್ಲಿ ಮೂರಕ್ಕಿಂತ ಹೆಚ್ಚು ಕೃತಿ ಕೊಳ್ಳುವುದಿಲ್ಲ ಎಂದು ನೇಮ ಮಾಡಿಕೊಂಡಿದ್ದೇನೆ.

ಎಲ್ಲಕ್ಕಿಂತ ತಡವಾಗಿ ಕಲಿತ ಪಾಠ ಫೇತ್‌ನದು. ಗುಡಿಗಳಿಂದ ಬರುವ ಈ ಅಂಕಿ ಧರ್ಮ ಹರಡುವವರಿಗೆ ಮಾತ್ರ ಎಂದುಕೊಂಡಿದ್ದೆ. ಅಲ್ಲ. ಸಂಸ್ಕೃತಿಯ ಗೆಲುವಿನ ಕೊನೆಯ ನಡಿಗೆಗೆ ಅದೇ ಹಣ. ನ್ಯಾಷನಲ್ ಪಾರ್ಕ್ ಮಾಡುವ ನಿಸರ್ಗತಜ್ಞ ಬರುವುದು ಫೇತ್‌ಗೆ. ರಾಕ್ ಬ್ಯಾಂಡ್ ಬರುವುದೂ ಫೇತ್‌ಗೇ. ಚಿನ್ನಕ್ಕೆ ಇವರು ಸಿಗುವುದಿಲ್ಲ. ಆದ್ದರಿಂದ ಧರ್ಮ ಸ್ಥಾಪಿಸದಿದ್ದರೂ ಸರಿ, ಬೆಟ್ಟಸಾಲಿನ ಮಗ್ಗುಲಲ್ಲಿ ಗುಡಿಗಳಿಗೆಂದೇ ಮೀಸಲಾದ ಎರಡು ಮೂರು ಹೋಲಿ ಸೈಟ್‌ಗಳನ್ನು ಬೇಗನೆ ಕಟ್ಟಿ ಫೇತ್ ಕೂಡಿಡಿ.

ನ್ಯಾಷನಲ್ ಪಾರ್ಕ್‌ಗೆ ನಾಲ್ಕು ಮನೆಗಳು ಬೇಕು. ಮೇಲೊಂದು, ನಡುವೆ ಎರಡು, ಕೆಳಗೊಂದು, ಇಸ್ಪೀಟಿನ ಡೈಮಂಡ್ ಆಕಾರದಲ್ಲಿ. ನಾಲ್ಕೂ ಒಂದೇ ಊರಿನ ಒಡೆತನದಲ್ಲಿರಬೇಕು. ಹೊಲ, ಗಣಿ ಯಾವುದೂ ಇರಬಾರದು. ಬೆಟ್ಟವೋ ನೈಸರ್ಗಿಕ ಅದ್ಭುತವೋ ಆದರೆ ಸರಿ. ಅಲ್ಲದಿದ್ದರೆ ಆ ನೆಲದ ಸೊಬಗು ನಿಗದಿತ ಮಟ್ಟಕ್ಕಿಂತ ಮೇಲಿರಬೇಕು. ಆಟ ಅದನ್ನು ಅಪೀಲ್ ಎನ್ನುತ್ತದೆ. ಪಕ್ಕದಲ್ಲಿ ಕಾಡು, ಬೆಟ್ಟ, ಅದ್ಭುತ ಇದ್ದರೆ ಅದು ಏರುತ್ತದೆ. ಗಣಿ, ಕಲ್ಲುಕ್ವಾರಿ, ಕೈಗಾರಿಕೆ ಇದ್ದರೆ ಇಳಿಯುತ್ತದೆ. ಗೆದ್ದ ಆ ಮೊದಲ ಆಟದಲ್ಲೇ ಒಂದು ಬೆಟ್ಟಸಾಲಿನ ಬುಡದಲ್ಲಿ, ತೊಂಬತ್ತನೆಯ ಸರದಿಯಲ್ಲಿ, ಉತ್ಪಾದನೆ ಹೆಚ್ಚಲೆಂದು ಮೂರು ಗಣಿ ತೋಡಿಸಿದ್ದೆ. ನೂರು ಸರದಿ ಕಳೆದು ನಿಸರ್ಗತಜ್ಞನನ್ನು ಅಲ್ಲಿಗೆ ಕರೆತಂದರೆ ಕಾಲಿಡಲು ಜಾಗವಿಲ್ಲ. ಗಣಿಗಳನ್ನು ತೆಗೆಸಿ, ಕಾಡು ನೆಡಿಸಿ, ಮತ್ತೆ ಹನ್ನೆರಡು ಸರದಿ ಕಾದೆ. ಐಫೆಲ್ ಟವರ್ ಕಟ್ಟಿದರೆ ನಾಡಿನ ಎಲ್ಲ ಮನೆಗಳ ಸೊಬಗು ಎರಡಂಕ ಏರುತ್ತದೆ ಎನ್ನುವುದು ಆಗ ಗೊತ್ತಿದ್ದಿದ್ದರೆ ಕಾಯಬೇಕಾಗಿರಲಿಲ್ಲ. ಪಾರ್ಕ್‌ನ ನಾಲ್ಕು ಮನೆಗಳ ಸೊಬಗಿನ ಮೊತ್ತವೇ ಅದರ ಟೂರಿಸಂ. ಒಮ್ಮೆ ಮಾಡಿಟ್ಟರೆ ಕೊನೆಯವರೆಗೂ ಹರಿದು ಬರುತ್ತದೆ.

ಇನ್ನೊಂದು ಸಂಗತಿಯನ್ನು ವಿಜಯಪುರದವರು ಕೇಳಿದರೆ ಖುಷಿಪಡುತ್ತಾರೆ. ಯುದ್ಧದ ಭಯಕ್ಕೆ ಕಟ್ಟಿದ ಕೋಟೆಗೋಡೆಗಳೂ, ಕನ್ಸರ್ವೇಷನ್ ಎಂಬ ಹಂತ ತಲುಪಿದ ಮೇಲೆ, ಪ್ರವಾಸಿಗರನ್ನು ತರುತ್ತವೆ. ವಿಜಯಪುರದ ಕೋಟೆಗೋಡೆಯ ಮೇಲೆ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಹತ್ತುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಳಗುಮ್ಮಟ ಮಾತ್ರ ಈ ಆಟದ ಅದ್ಭುತಗಳ ಪಟ್ಟಿಯಲ್ಲಿಲ್ಲ. ತಾಜ್ ಮಹಲ್ ಇದೆ, ಮೀನಾಕ್ಷಿ ದೇವಾಲಯ ಇದೆ, ಮಹಾಬೋಧಿ ಇದೆ. ಪಿಸುಮಾತನ್ನೂ ಮರಳಿಸುವ ಆ ಗುಮ್ಮಟ ಇರಬೇಕಿತ್ತು ಎಂದು ನಾನು ಮನಃಪೂರ್ವಕ ಬಯಸುತ್ತೇನೆ.

ಮತ್ತೆ ಆ ಆಟಕ್ಕೆ ಬರುತ್ತೇನೆ. ಇನ್ನೂರ ಹದಿನಾಲ್ಕನೆಯ ಸರದಿಯಲ್ಲಿ ನನ್ನಲ್ಲಿಗೆ ಬಂದ ಹೊರಗಿನವರು ಅರವತ್ತೊಂದು. ಉಳಿದವರೆಲ್ಲರ ಸ್ವದೇಶಿ ಸಂಖ್ಯೆ ಐವತ್ತರ ಒಳಗಿತ್ತು. ಕಾಂಗೋ ಒಂದೇ ನೂರ ಹದಿನೆಂಟರಲ್ಲಿ ನಿಂತಿತ್ತು. ಇದನ್ನು ಹೊಸಬರು ಗಮನಿಸಬೇಕು: ನೀವು ಸ್ಪರ್ಧಿಸುತ್ತಿರುವುದು ಎಲ್ಲರೊಂದಿಗೂ ಅಲ್ಲ, ಸಂಸ್ಕೃತಿಯಲ್ಲಿ ಎಲ್ಲರಿಗಿಂತ ಮುಂದಿರುವ ಒಂದು ನಾಡಿನೊಂದಿಗೆ. ಆ ನಾಡು ಯಾವುದು ಎಂದು ನೂರನೆಯ ಸರದಿಯಲ್ಲೇ ಗುರುತಿಸಿ ಅದರ ಸ್ನೇಹ ಬೆಳೆಸಿ. ಕಾಂಗೋ ರಾಜ ಮ್ವೆಂಬಾ ಶಿಲ್ಪ, ಪುರಾತನ ವಸ್ತು, ಧಾರ್ಮಿಕ ಅವಶೇಷಗಳನ್ನು ಕೂಡಿಟ್ಟಷ್ಟೂ ಬಲಿಯುವವನು. ಅವನೊಂದಿಗೆ ಜಗಳ ಕಾಯುವುದು ನಷ್ಟ. ವ್ಯಾಪಾರ ಮಾರ್ಗವೊಂದನ್ನು ತೆರೆದರೆ ಆ ನಾಡಿನ ಮೇಲೆ ನಿಮ್ಮ ಸೆಳೆತ ಶೇಕಡಾ ಇಪ್ಪತ್ತೈದು ಹೆಚ್ಚುತ್ತದೆ. ಗಡಿ ತೆರೆದರೆ ಮತ್ತೆ ಇಪ್ಪತ್ತೈದು. ಯುದ್ಧ ಹೂಡಿದ ದಿನವೇ ಎರಡೂ ಕಡಿದು ಬೀಳುತ್ತವೆ.

ಸರ್ಕಾರದ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಎದುರಾಳಿಯದೊಂದು ಬಗೆ, ನಿಮ್ಮದೊಂದು ಬಗೆ ಆದರೆ ಸೆಳೆತ ಕುಗ್ಗುತ್ತದೆ. ಧಾರ್ಮಿಕ ಅವಶೇಷಗಳನ್ನು ನಂಬಿಕೊಂಡವರಿಗೆ ಒಂದು ಎಚ್ಚರಿಕೆ: ಒಂದೊಂದು ಎಂಟಂಕ ಕೊಡುತ್ತದೆ, ಆರಂಭದಲ್ಲಿ ಅದು ದೊಡ್ಡ ಬಲವೇ. ಆದರೆ ಎದುರಾಳಿ ಎನ್‌ಲೈಟನ್‌ಮೆಂಟ್ ಹಂತ ತಲುಪಿದ ಮೇಲೆ ಧಾರ್ಮಿಕ ಸೆಳೆತ ಅವನ ಮೇಲೆ ಸೊರಗುತ್ತದೆ. ಕ್ರಿಸ್ತೊ ರೆದೆಂತೋರ್ ಕಟ್ಟಿದವರಿಗೆ ಈ ನಷ್ಟವಿಲ್ಲ.

ಕಾಂಗೋವನ್ನು ದಾಟಿಸಿದ್ದು ರಾಕ್ ಬ್ಯಾಂಡ್. ಕೋಲ್ಡ್ ವಾರ್ ಹಂತದಲ್ಲಿ ಇವು ಸಿಗುತ್ತವೆ. ಕೊಳ್ಳುತ್ತಾ ಹೋದಂತೆ ಬೆಲೆ ಏರುತ್ತದೆ. ಕೊಂಡಾಗ ಒಂದು ವಿಶೇಷ ಗುಣ ಆರಿಸಿಕೊಳ್ಳಲು ಆಟ ಮೂರು ಆಯ್ಕೆ ಕೊಡುತ್ತದೆ. ಅದ್ಭುತಗಳ ಮುಂದೆ ಹಾಡಿದರೆ ಹೆಚ್ಚು ಫಲ ಕೊಡುವ ಗುಣ ಒಂದಕ್ಕೆ ಸಿಕ್ಕಿತು. ಅದನ್ನು ಕಾಂಗೋದ ರಾಜಧಾನಿಯ ಅದ್ಭುತದ ಮುಂದೆ ನಿಲ್ಲಿಸಿದೆ. ಕಛೇರಿ ಗೆದ್ದಿತು, ತಂಡ ಒಂದು ಮೆಟ್ಟಿಲು ಮೇಲೇರಿತು. ಎರಡನೆಯ ತಂಡ ಮೊದಲ ಕಛೇರಿಯಲ್ಲೇ ಒಡೆದುಹೋಯಿತು. ಮೂರನೆಯದು ನಾಲ್ಕು ಊರು ಸುತ್ತಿತು. ಕಛೇರಿಯ ಫಲ ಬೀಳುವುದು ಯಾರ ನೆಲದಲ್ಲಿ ಹಾಡಿದಿರೋ ಅವರ ಮೇಲೆ ಮಾತ್ರ. ಆದ್ದರಿಂದ ಆಗಲೇ ಸೋತಿರುವ ಸಣ್ಣ ನಾಡುಗಳಿಗೆ ತಂಡ ಕಳುಹಿಸುವುದು ವ್ಯರ್ಥ. ಎದುರಾಳಿ ಸಂಗೀತಕ್ಕೆ ಕಡಿವಾಣ ಹಾಕುವ ನೀತಿ ತಂದರೆ ತಂಡಗಳು ಗಡಿಯಲ್ಲೇ ನಿಲ್ಲಬೇಕು. ಅಂಥ ಹೊತ್ತಿಗೆಂದೇ ಪಾರ್ಕ್, ಮ್ಯೂಸಿಯಂಗಳ ಹರಿವು ಬೇರೆಯಾಗಿ ಇರಬೇಕು. ಇನ್ನೂರ ಎಪ್ಪತ್ತೊಂದನೆಯ ಸರದಿಯಲ್ಲಿ ನನ್ನ ಸಂಖ್ಯೆ ಕಾಂಗೋವನ್ನು ದಾಟಿತು. ರಾತ್ರಿ ಎರಡೂವರೆ. ಅಕ್ಕನ ಮಗನಿಗೆ ಆಗಲೇ ಫೋನ್ ಮಾಡಿದೆ.

ಆಟದ ಕುಂದುಗಳನ್ನೂ ಹೇಳಬೇಕು. ಕೊನೆಯ ಮೂವತ್ತು ನಲವತ್ತು ಸರದಿಗಳು ಉದ್ದ. ಗೆಲುವು ಖಚಿತವೆಂದು ಗೊತ್ತಾದ ಮೇಲೂ ಸಂಖ್ಯೆ ಏರುವುದನ್ನು ಕಾಯುತ್ತಾ ಕೂರಬೇಕು. ಯಾವ ನಾಡಿನಿಂದ ಎಷ್ಟು ಪ್ರವಾಸಿಗರು ಯಾವ ಕಾರಣಕ್ಕೆ ಬಂದರು ಎಂಬ ವಿವರ ಸುಲಭವಾಗಿ ಕಾಣುವುದಿಲ್ಲ. ಅಲ್ಲಲ್ಲಿ ಬಾಣದ ಗುರುತು ಇಟ್ಟು ಹುಡುಕಬೇಕು. ಈ ದಾರಿಯ ಮೂಲ ಲೆಕ್ಕವನ್ನು ಹೊಸಬರಿಗೆ ಅದು ಸರಿಯಾಗಿ ಕಲಿಸುವುದೂ ಇಲ್ಲ. ನಾನು ಮೊದಲ ಆಟ ಸೋತದ್ದು ಅದಕ್ಕೇ. ಒಡ್ಡು ಕಟ್ಟುವುದಂತೂ ಇಲ್ಲಿ ಬಹಳ ಹಗುರ. ಗ್ಯಾದರಿಂಗ್ ಸ್ಟಾರ್ಮ್‌ನಲ್ಲಿ ಅಣೆಕಟ್ಟು ಕಟ್ಟಿದರೆ ಪ್ರವಾಹ ನಿಲ್ಲುತ್ತದೆ, ಒಂದು ಮನೆಯೂ ಮುಳುಗುವುದಿಲ್ಲ. ನನ್ನ ಅಕ್ಕ ಮದುವೆಯಾಗಿ ಹೋದ ಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಅದನ್ನು ತೆಗೆದುಕೊಂಡಿತು. ಅಕ್ಕ ಒಮ್ಮೆ ನನ್ನ ಹಿಂದೆ ನಿಂತು ಆ ಅಣೆಕಟ್ಟು ಏಳುವುದನ್ನು ನೋಡಿ, "ಊರೆಲ್ಲ ಎಲ್ಲಿಗೆ ಹೋಯಿತು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಕೊರತೆ ನನ್ನ ಕಸುಬಿನಿಂದ ಕಂಡದ್ದು. ಈ ಆಟದ ಪ್ರವಾಸಿಗ ಬರೀ ಅಂಕಿ. ಅವನು ಬರುತ್ತಾನೆ, ಆದರೆ ಏನನ್ನೂ ಕೊಂಡೊಯ್ಯುವುದಿಲ್ಲ. ಪಟ್ಟದಕಲ್ಲಿನಲ್ಲಿ ನಾನು ದಿನವೂ ಹೇಳುವ ಕಥೆ ಇದಕ್ಕೆ ತಿರುಗಾಮುರುಗಾ. ಎರಡನೆಯ ವಿಕ್ರಮಾದಿತ್ಯ ಪಲ್ಲವರನ್ನು ಸೋಲಿಸಿ ಕಂಚಿಯನ್ನು ಹೊಕ್ಕ. ಊರನ್ನು ಸುಡಲಿಲ್ಲ, ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ಮರಳಿಸಿ, ಅದನ್ನು ಕನ್ನಡದಲ್ಲೇ ಅಲ್ಲಿ ಕೆತ್ತಿಸಿದ. ಆ ಶಾಸನ ಇಂದಿಗೂ ಕಂಚಿಯಲ್ಲಿದೆ. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ಅದರಲ್ಲಿ ಕಂಚಿಯ ಗುಡಿಯ ಛಾಯೆ ಇದೆ. ಎಲ್ಲೋರದ ಕೈಲಾಸದಲ್ಲಿ ಇದರ ಛಾಯೆ ಇದೆ ಎನ್ನುತ್ತಾರೆ ಬಲ್ಲವರು. ಗೆದ್ದವನು ಸೋತವರ ಗುಡಿಯನ್ನು ನೋಡಿ ಕಲಿತು ಬಂದು ತನ್ನಲ್ಲಿ ಕಟ್ಟಿಸಿದ್ದು! 1987ರಲ್ಲಿ ಯುನೆಸ್ಕೊ ಪಟ್ಟದಕಲ್ಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಕೊಡುಕೊಳ್ಳುವಿಕೆಯನ್ನು ಕಂಡೇ. ಉತ್ತರದ ಶೈಲಿ, ದಕ್ಷಿಣದ ಶೈಲಿ ಅಲ್ಲಿ ಒಂದೇ ಅಂಗಳದಲ್ಲಿ ನಿಂತಿವೆ. ಕಾಂಗೋದಿಂದ ನನ್ನ ಅಕ್ರೊಪೊಲಿಸ್ ನೋಡಲು ಬಂದವನು ಮನೆಗೆ ಹೋಗಿ ಏನಾದರೂ ಕಟ್ಟುವಂತಿದ್ದರೆ ಈ ಆಟ ಪೂರ್ಣವಾಗುತ್ತಿತ್ತು.

ಆದರೂ ಕೊಳ್ಳಿ ಎಂದೇ ಹೇಳುತ್ತೇನೆ. ಇತಿಹಾಸ ಇಷ್ಟಪಡುವವರು, ಅವಸರವಿಲ್ಲದವರು ಕೊಳ್ಳಬೇಕು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಆಗಾಗ ದೊಡ್ಡ ರಿಯಾಯಿತಿ ಬರುತ್ತದೆ. ಗ್ಯಾದರಿಂಗ್ ಸ್ಟಾರ್ಮ್ ಸೇರಿರುವ ಕಟ್ಟನ್ನೇ ಕಾದು ಕೊಳ್ಳಿ. ಅದಿಲ್ಲದ ಮೂಲ ಆಟದಲ್ಲಿ ರಾಕ್ ಬ್ಯಾಂಡ್ ಇಲ್ಲ. ಮೊದಲ ಸಲ ಪ್ರಿನ್ಸ್ ಮಟ್ಟದಲ್ಲಿ ಆಡಿ. ಕಷ್ಟದ ಎಂಟು ಮಟ್ಟಗಳಲ್ಲಿ ಅದು ನಾಲ್ಕನೆಯದು, ಅಲ್ಲಿ ಯಾರಿಗೂ ಪಕ್ಷಪಾತವಿಲ್ಲ. ಗ್ರೀಸ್ ಕೈಗೆ ಕೂತ ಮೇಲೆ ಸ್ವೀಡನ್‌ನ ಕ್ರಿಸ್ಟೀನಾ ಅಥವಾ ಫ್ರಾನ್ಸ್‌ನ ಕ್ಯಾಥರೀನ್‌ಗೆ ಹೋಗಬಹುದು. ಕ್ರಿಸ್ಟೀನಾಗೆ ಮ್ಯೂಸಿಯಂ ತುಂಬಿದರೆ ಸಾಕು, ಹೊಂದಿಸುವ ಕೆಲಸವಿಲ್ಲ. ನನಗೆ ಹೊಂದಿಸುವುದೇ ಇಷ್ಟವಾದ್ದರಿಂದ ನಾನು ಗ್ರೀಸ್ ಬಿಟ್ಟಿಲ್ಲ.

ಒಂದೇ ಕಂಪ್ಯೂಟರ್‌ನಲ್ಲಿ ಇಬ್ಬರು ಸರದಿಯ ಮೇಲೆ ಆಡುವ ವ್ಯವಸ್ಥೆಯೂ ಇದೆ. ಕಳೆದ ದೀಪಾವಳಿಯಿಂದ ನಾನು, ಅಕ್ಕನ ಮಗ ಹಾಗೆ ಒಂದು ಆಟ ನಡೆಸಿದ್ದೇವೆ. ಅವನು ಬಾದಾಮಿಗೆ ಬಂದಾಗ ಹತ್ತು ಸರದಿ, ನಾನು ನವನಗರಕ್ಕೆ ಹೋದಾಗ ಹತ್ತು. ಅವನು ನನ್ನ ಬರಹಗಳನ್ನು ಓದಿಯೇ ಆಡುತ್ತಾನೆ, ಕಾಂಗೋವನ್ನೇ ಆರಿಸಿಕೊಂಡಿದ್ದಾನೆ. ಅ‌ವನ ಸ್ವದೇಶಿ ಪ್ರವಾಸಿಗರು ನೂರ ನಲವತ್ತು. ನನ್ನಲ್ಲಿಗೆ ಬಂದವರು ತೊಂಬತ್ತಾರು. ಮೂರು ರಾಕ್ ಬ್ಯಾಂಡ್‌ಗಳಿಗೆ ಸಾಕಾಗುವಷ್ಟು ಫೇತ್ ಕೂಡಿಟ್ಟಿದ್ದೇನೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ.